ಕಪಾಟಿನೊಳಗಿನ ಕಿಟಕಿಗಳು

ಅವಳಿಗೆ ಮೋಡ ಅಂತ ಹೆಸರಿಟ್ಟವಳು ಅಕ್ಕ. ಮೂರು ಸಲ ಕರೆದ ಮೇಲೆ "ಹ್ಞಾಂ?" ಅನ್ನುವ, ಒಲೆಯ ಮೇಲಿನ ಹಾಲು ಉಕ್ಕಿ ಹರಿಯುತ್ತಿದ್ದರೆ ಆರಿಸುವುದು ಬಿಟ್ಟು ಆ ನೊರೆಯಲ್ಲಿ ಯಾರ ಮುಖ ಕಾಣುತ್ತಿದೆ ಅಂತ ನೋಡುತ್ತ ನಿಲ್ಲುವ ಹುಡುಗಿಗೆ ಇನ್ನೇನಂತ ಹೆಸರಿಡುವುದು? ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಇಪ್ಪತ್ತಾರು ತುಂಬಿ, ಊರಿನ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕೆ ಸೇರಿದ ಮೇಲೂ ಆ ಡಾಕ್ಟರು ಬೆಳಗ್ಗೆ ಬಂದವರೇ "ಮೋಡ ಬಂತಾ?" ಅಂತ ಕೇಳುತ್ತಿದ್ದರು.

ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಗುಲಾಬಿ ಮೇಣದಲ್ಲಿ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ಸಣ್ಣ ಚಾಕುವಿನಿಂದ ಸಂದು ಬಿಡಿಸಬೇಕು. ಮನಸ್ಸು ಎಲ್ಲೆಲ್ಲಿ ಅಲೆದಾಡಿದರೂ ಕೈ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಮನಸ್ಸು ಅಲೆಯುತ್ತಿದ್ದುದಾದರೂ ಎಲ್ಲಿ? ಅಜ್ಜಿಯ ಕಥೆಗಳಲ್ಲಿ. ಅಮ್ಮ ದುಡಿಯಲು ಹೋದಾಗ ಅಜ್ಜಿಯ ತೊಡೆಯ ಮೇಲೇ ಬೆಳೆದವಳು ಅವಳು. ಅಜ್ಜಿ ಹೋಗಿ ಮೂರು ವರ್ಷವಾಗಿತ್ತು. ಅಜ್ಜಿಯ ಕಥೆಯವರು ಮಾತ್ರ ಎಲ್ಲೂ ಹೋಗಿರಲಿಲ್ಲ. ನೆಗಡಿಯಾದ ರಾಜಕುಮಾರಿ, ಹಲ್ಲುನೋವಿನ ರಾಕ್ಷಸ, ಮಾತು ಮಾರುವ ಮುದುಕ, ಎಲ್ಲರೂ ಅವಳ ತಲೆಯೊಳಗೆ ಒಬ್ಬರಿಗೊಬ್ಬರು ಮೊಣಕೈ ತಿವಿಯುತ್ತ ಜಾಗ ಮಾಡಿಕೊಂಡಿದ್ದರು.

ಮೂರು ತಿಂಗಳಿಗೊಮ್ಮೆ ಅವಳು ದೊಡ್ಡ ನಗರದಲ್ಲಿದ್ದ ಅಕ್ಕನ ಮನೆಗೆ ಹೋಗುತ್ತಿದ್ದಳು. ಗುರುವಾರ ಬೆಳಗ್ಗೆ ಬಸ್ಸಿಳಿದರೆ ಭಾನುವಾರ ಸಂಜೆ ಮತ್ತೆ ಬಸ್ಸು ಹತ್ತಬೇಕು. ಮೂರನೆಯ ಮಹಡಿಯ ಮನೆ. ಎರಡು ಕೋಣೆ, ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಂತು ಮಾತಾಡಬೇಕಾದ ಅಡುಗೆಮನೆ. ಅಕ್ಕ ಶಿಶುವಿಹಾರದ ಟೀಚರ್. ಭಾವ ಲಿಫ್ಟ್ ಮೆಕ್ಯಾನಿಕ್. ನಗರದ ಅರ್ಧ ಲಿಫ್ಟುಗಳು ಅವರ ಕೈಯಲ್ಲೇ ಮೇಲೆ ಕೆಳಗೆ ಆಡುತ್ತಿದ್ದವು. ಅವರು ವಾಸವಿದ್ದ ಕಟ್ಟಡದಲ್ಲಿ ಮಾತ್ರ ಲಿಫ್ಟೇ ಇರಲಿಲ್ಲ. "ಮೂರು ಮಹಡಿ ಹತ್ತೋದೇ ನನಗೆ ರಜೆ," ಅನ್ನುತ್ತಿದ್ದರು. ಇನ್ನು ಭಾವನ ತಾಯಿ. ಅಕ್ಕನಿಗೆ ಅತ್ತೆಯಾದ್ದರಿಂದ ಮೋಡಳಿಗೂ ಅತ್ತೆಯೇ. ಬಟ್ಟೆ ಫ್ಯಾಕ್ಟರಿಯ ಕಟಿಂಗ್ ಟೇಬಲ್ಲಿನಲ್ಲಿ ಮೂವತ್ತು ವರ್ಷ ಕತ್ತರಿ ಹಿಡಿದು ನಿವೃತ್ತರಾದವರು. ಮಾತು ಕಡಿಮೆ. ಆಡಿದರೆ ಅದೂ ಕತ್ತರಿಸಿದ ಹಾಗೇ. ಮೋಡ ಬಂದಾಗೆಲ್ಲ ಹೇಳದೆ ಕೇಳದೆ ತಮ್ಮ ಮಂಚ ಬಿಟ್ಟುಕೊಟ್ಟು ನೆಲಕ್ಕೆ ಚಾಪೆ ಹಾಸಿಕೊಳ್ಳುತ್ತಿದ್ದರು. ಬೇಡ ಅಂದರೆ, "ನನ್ನ ಬೆನ್ನು, ನನ್ನ ನೆಲ. ನಿನಗ್ಯಾಕೆ?" ಅಂತ ಒಂದೇ ಮಾತು.

ಮೊದಲ ಸಲ ಬಂದಾಗಲೇ ಮೋಡ ಆ ಅಡುಗೆಮನೆ ಕಿಟಕಿಯಿಂದ ಎದುರಿನ ಕಟ್ಟಡ ನೋಡಿದ್ದಳು. ಏಳು ಮಹಡಿ, ಮಹಡಿಗೆ ಆರು ಕಿಟಕಿ. ಒಂದರಲ್ಲಿ ಬಟ್ಟೆ ಒಣಗುತ್ತಿದೆ, ಇನ್ನೊಂದರಲ್ಲಿ ಯಾರೋ ತಲೆ ಬಾಚುತ್ತಿದ್ದಾರೆ, ಮತ್ತೊಂದರಲ್ಲಿ ಬೆಕ್ಕು ಮಾತ್ರ ಇದೆ. ಅವಳಿಗೆ ಥಟ್ಟನೆ ಅನ್ನಿಸಿತು: ಅರಮನೆಗಳು ಬಿದ್ದುಹೋದ ಮೇಲೆ, ಕಾಡು ಕಡಿದುಹಾಕಿದ ಮೇಲೆ, ಅಜ್ಜಿಯ ಕಥೆಯವರು ಬಾಡಿಗೆಗೆ ಬಂದದ್ದು ಇಲ್ಲಿಗೇ. ಇನ್ನೆಲ್ಲಿಗೆ ಹೋದಾರು ಪಾಪ?

ಆಗಿನಿಂದ ಆ ಕಟ್ಟಡವನ್ನು ಅಚ್ಚಿನ ಚಿತ್ರವಾಗಿ ಮಾಡಬೇಕೆಂಬ ಹುಚ್ಚು ಹಿಡಿಯಿತು. ಕೆತ್ತುವುದಕ್ಕೆ ಕೈಯಿತ್ತು, ಅಚ್ಚು ಒತ್ತುವುದಕ್ಕೆ ಯಂತ್ರವಿರಲಿಲ್ಲ. ಅದನ್ನು ಹುಡುಕಿಕೊಟ್ಟವರು, ತಮಗೇ ಗೊತ್ತಿಲ್ಲದೆ, ಭಾವ. 'ಆರು ಜನರಿಗೆ ಮಾತ್ರ' ಅಂತ ಲಿಫ್ಟಿಗೆ ಅಂಟಿಸುವ ಸ್ಟಿಕ್ಕರ್ ತರಲು ಎರಡು ಬೀದಿ ಆಚೆಯ ಲೇಬಲ್ ಪ್ರೆಸ್ಸಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿ ಗಡಗಡ ಅನ್ನುವ ದೊಡ್ಡ ಯಂತ್ರಗಳ ಹಿಂದೆ, ಕಾಗದದ ರೀಲುಗಳ ಸಂದಿಯಲ್ಲಿ, ಧೂಳು ಹೊದ್ದು ನಿಂತಿತ್ತು ಒಂದು ಹಳೆಯ ಕೈಪ್ರೆಸ್ಸು. ಕಬ್ಬಿಣದ ಮೇಜು, ಮೇಲೊಂದು ಉರುಳೆ, ಪಕ್ಕದಲ್ಲಿ ತಿರುಗಿಸುವ ದೊಡ್ಡ ಹಲ್ಲುಚಕ್ರ. ಮೋಡ ಅದರ ಮುಂದೆ ನಿಂತವಳು ನಿಂತೇಬಿಟ್ಟಳು.

"ಅದು ಕೆಲಸಕ್ಕೆ ಬರಲ್ಲಮ್ಮ," ಅಂದರು ಪ್ರೆಸ್ಸಿನ ಯಜಮಾನರು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿದ್ದ, ಅದನ್ನೇ ಸದಾ ಹುಡುಕುತ್ತಿದ್ದ ಮನುಷ್ಯ.

"ತಿರುಗುತ್ತಾ?"

"ತಿರುಗೋದೇನೋ ತಿರುಗುತ್ತೆ. ತಿರುಗಿಸೋರು ಬೇಕಲ್ಲ."

ಮಾರನೆಯ ದಿನ ಅವಳು ಚಿಂದಿ ಬಟ್ಟೆ ತಂದು ಅದರ ಒಂದೊಂದೇ ಹಲ್ಲು ಒರೆಸಿ, ಎಣ್ಣೆ ಬಿಟ್ಟು ಹೊಳೆಯಿಸಿದಳು. ಹಲ್ಲು ಒರೆಸುವುದು ಅವಳಿಗೇನು ಹೊಸತೇ? ಬಾಡಿಗೆ ಎಷ್ಟು ಅಂತ ಕೇಳಿದ್ದಕ್ಕೆ ಯಜಮಾನರು, "ಒರೆಸಿದ್ದೀಯಲ್ಲ, ಅದೇ ಬಾಡಿಗೆ," ಅಂದುಬಿಟ್ಟರು. ಮಧ್ಯಾಹ್ನ ಎರಡರಿಂದ ಐದು, ದೊಡ್ಡ ಯಂತ್ರಗಳು ಸುಮ್ಮನಿರುವ ಹೊತ್ತು, ಕೈಪ್ರೆಸ್ಸು ಅವಳದು.

ಅವಳು ಆರಿಸಿಕೊಂಡ ಪದ್ಧತಿ ಸ್ವಲ್ಪ ಮೊಂಡು ಪದ್ಧತಿ. ಬಣ್ಣ ನಾಲ್ಕು, ಹಲಗೆ ಒಂದೇ. ರಬ್ಬರಿನ ಹಾಗಿರುವ ನೆಲಹಾಸಿನ ತುಂಡೊಂದನ್ನು ಹಲಗೆಗೆ ಅಂಟಿಸಿ, ಬಿಳಿಯಾಗಿ ಉಳಿಯಬೇಕಾದ್ದನ್ನು ಕೆತ್ತಿ ತೆಗೆದು, ಮೊದಲು ಎಲ್ಲ ಹಾಳೆಗೂ ಹಳದಿ ಒತ್ತಬೇಕು. ಆಮೇಲೆ ಅದೇ ಹಲಗೆಯಲ್ಲಿ ಹಳದಿಯಾಗಿ ಉಳಿಯಬೇಕಾದ್ದನ್ನು ಕೆತ್ತಿ, ಅವೇ ಹಾಳೆಗಳ ಮೇಲೆ ನೀಲಿ. ಮತ್ತೆ ಕೆತ್ತಿ ಇಟ್ಟಿಗೆ ಕೆಂಪು. ಕೊನೆಗೆ ಕಪ್ಪು. ಕೆತ್ತಿದ್ದು ಕೆತ್ತಿದ್ದೇ, ಹಿಂದಿನ ಬಣ್ಣವನ್ನು ಇನ್ನೊಂದು ಹಾಳೆಗೆ ಒತ್ತುತ್ತೇನೆ ಅಂದರೆ ಹಲಗೆಯಲ್ಲಿ ಅದು ಇರುವುದೇ ಇಲ್ಲ. ಮೊದಲ ದಿನ ಎಷ್ಟು ಹಾಳೆಯೋ ಕೊನೆತನಕ ಅಷ್ಟೇ. ಅವಳು ಹಾಕಿದ್ದು ಹದಿನಾಲ್ಕು.

ಒಂದು ಭೇಟಿಗೆ ಒಂದು ಬಣ್ಣ. ಹಲಗೆ ಅವಳ ಚೀಲದಲ್ಲಿ ಊರಿಗೆ ಹೋಗಿ, ಮೂರು ತಿಂಗಳು ಕೆತ್ತಿಸಿಕೊಂಡು, ಮತ್ತೆ ನಗರಕ್ಕೆ ಬರುತ್ತಿತ್ತು. ಹಾಳೆಗಳು ಬಸ್ಸಿನಲ್ಲಿ ಮಡಚಿ ಮುದುಡುತ್ತವೆಂದು ಅತ್ತೆಯ ಮಂಚದ ಕೆಳಗೆ ಹಳೆಯ ಸೂಟ್‌ಕೇಸಿನಲ್ಲಿ ಇರುತ್ತಿದ್ದವು. ಏನವು ಅಂತ ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಹೇಳಲು ನಾಚಿಕೆ. ಹಲ್ಲು ಕೂರಿಸುವವಳು ಚಿತ್ರ ಮಾಡುತ್ತಾಳಂತೆ ಅಂದರೆ ನಗುವುದಿಲ್ಲವೇ? "ಅಕ್ಕಾ, ಒಂದಿಷ್ಟು ಕಾಗದ ಇಟ್ಟಿದ್ದೀನಿ," ಅಂದಿದ್ದಳು ಅಷ್ಟೇ. ಕಪ್ಪು ಬೀಳುವ ತನಕ ಅವು ನೋಡುವವರಿಗೆ ಬರೀ ಬಣ್ಣದ ಕಲೆಗಳು. ಕಿಟಕಿಯಲ್ಲಿ ಜನ ಮೂಡುವುದು ಕೊನೆಯ ಬಣ್ಣದಲ್ಲಿ.

ನಾಲ್ಕನೆಯ ಬಣ್ಣದ ಭೇಟಿಗೆ ಹೊರಡುವ ವಾರ ಯಜಮಾನರು ಫೋನ್ ಮಾಡಿದರು. "ಈ ಸಲ ಮುಗಿಸಿಬಿಡಮ್ಮ. ಹೊಸ ಯಂತ್ರ ಬರ್ತಾ ಇದೆ. ನಿನ್ನ ಕೈಪ್ರೆಸ್ಸು ತಗೊಂಡು ಹೋಗೋಕೆ ಸೋಮವಾರ ಲಾರಿ ಬರುತ್ತೆ. ಭಾನುವಾರ ನಾವು ಬಾಗಿಲು ತೆಗೆಯಲ್ಲ."

ಅಂದರೆ ಶನಿವಾರದೊಳಗೆ. ಮೋಡ ಬಸ್ಸಿನಲ್ಲಿ ಆ ಹಲಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಳು.

ಗುರುವಾರ ಬೆಳಗ್ಗೆ ಮನೆ ಮುಟ್ಟಿ, ಕೈಕಾಲು ತೊಳೆದು, ಮಂಚದ ಕೆಳಗೆ ಬಗ್ಗಿ ಸೂಟ್‌ಕೇಸ್ ಎಳೆದಳು. ಅದು ತುಂಬ ಸುಲಭವಾಗಿ ಬಂತು. ತೆರೆದರೆ ಒಳಗೆ ಹಳೆಯ ಸ್ವೆಟರುಗಳು.

"ಅಕ್ಕಾ, ನನ್ನ ಕಾಗದ?"

"ಯಾವ ಕಾಗದ? ಓ, ಅದಾ! ಅತ್ತೆ ಹೋದ ತಿಂಗಳು ಇಡೀ ಮನೆ ಬುಡಮೇಲು ಮಾಡಿ ಕ್ಲೀನ್ ಮಾಡಿದ್ರು ಕಣೇ. ಅವರನ್ನೇ ಕೇಳು."

ಕೇಳಬೇಕಾಗಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಕಪಾಟಿನ ಬಾಗಿಲು ತೆರೆದು ಟೀಪುಡಿಯ ಡಬ್ಬ ತೆಗೆಯುತ್ತಿದ್ದರು. ಆ ಡಬ್ಬದ ಜಾಗದಲ್ಲಿ, ದುಂಡಗೆ, ಹಳದಿ ನೀಲಿ ಕೆಂಪು. ಅದರ ಪಕ್ಕ ಸಕ್ಕರೆ ಡಬ್ಬ. ಅದರ ಅಡಿಯಲ್ಲೂ ಹಳದಿ ನೀಲಿ ಕೆಂಪು. ಐದು ಶೆಲ್ಫು, ಮೂರು ಡ್ರಾಯರು.

"ಒಳ್ಳೆ ದಪ್ಪ ಕಾಗದ ಕಣೇ," ಅಂದರು ಅತ್ತೆ, ಅಪರೂಪಕ್ಕೆ ಮುಖ ಅರಳಿಸಿ. "ಕಲೆಯಾಗಿ ಹೋಗಿತ್ತು, ಸುಮ್ಮನೆ ಬಿಸಾಕೋದು ಯಾಕೆ ಅಂತ ಹಾಸಿದೆ. ನೋಡು, ಒಂದು ಮೂಲೇನೂ ಸುಕ್ಕಿಲ್ಲ. ಒಂದೊಂದು ಶೆಲ್ಫಿಗೆ ಒಂದೊಂದು ಅಳತೆ. ಕರೆಕ್ಟಾಗಿ ಕತ್ತರಿಸಿದ್ದೀನಿ."

ಕತ್ತರಿಸಿದ್ದೀನಿ.

ಮೋಡಳ ಬಾಯಿಂದ ಬಂದದ್ದು ಏನು ಗೊತ್ತೇ? "ಚೆನ್ನಾಗಿದೆ ಅತ್ತೆ." ಅಂದು, ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಬಕೆಟ್ಟು ತುಂಬಿ ಹೊರಚೆಲ್ಲುವ ತನಕ ಅತ್ತಳು. ಹೊರಗಿಂದ ಅಕ್ಕ, "ಏ ಮೋಡ, ಅಲ್ಲೇ ಮಳೆ ಸುರಿಸ್ತಾ ಇದ್ದೀಯಾ? ನೀರು ಹನ್ನೊಂದು ಗಂಟೆಗೆ ನಿಲ್ಲುತ್ತೆ!" ಅಂತ ಕೂಗಿದಳು.

ಆ ದಿನವೆಲ್ಲ ಅವಳು ಯಾರಿಗೂ ಏನೂ ಹೇಳಲಿಲ್ಲ. ಹೇಗೆ ಹೇಳುವುದು? ಮಂಚ ಬಿಟ್ಟುಕೊಟ್ಟವರ ಮೇಲೆ ದೂರು ಹೇಳುವುದೇ? ಟೀಗೆ ಸಕ್ಕರೆ ಹಾಕುವಾಗ ಡಬ್ಬ ಎತ್ತಿ, ಅದರ ಅಡಿಯಲ್ಲಿ ನಾಲ್ಕನೆಯ ಮಹಡಿಯ ಮೂರು ಕಿಟಕಿ ನೋಡಿ, ಮತ್ತೆ ಮೆತ್ತಗೆ ಇಟ್ಟಳು.

ಶುಕ್ರವಾರ ಮಧ್ಯಾಹ್ನ ಬರಿಗೈಯಲ್ಲಿ ಪ್ರೆಸ್ಸಿಗೆ ಹೋದಳು. ಯಜಮಾನರು ಕಥೆಯೆಲ್ಲ ಕೇಳಿಸಿಕೊಂಡು ಮೊದಲು ಹೊಟ್ಟೆ ಹಿಡಿದು ನಕ್ಕರು. ಅವಳ ಮುಖ ನೋಡಿ ನಗು ನುಂಗಿದರು.

"ಅವರಿಗೆ ನೀನು ಹೇಳಿದ್ದೆಯಾ ಅದು ಚಿತ್ರ ಅಂತ?"

"ಇಲ್ಲ."

"ಮತ್ತೆ? ಅವರೇನು ಕನಸು ಕಾಣಬೇಕಿತ್ತಾ? ಕನಸು ಕಾಣೋಳು ನೀನು." ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗು, ಈಗಲಾದರೂ ಹೇಳು. ನಾಳೆ ಬೆಳಗ್ಗೆಯಿಂದಲೇ ಪ್ರೆಸ್ಸು ನಿನಗೆ ಬಿಟ್ಟುಕೊಡ್ತೀನಿ. ಎರಡು ಗಂಟೆ ತನಕ ಕಾಯೋದು ಬೇಡ. ಅಷ್ಟು ಮಾತ್ರ ನನ್ನ ಕೈಲಾಗೋದು."

ಬರುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಳು. ಮೆಟ್ಟಿಲು ಹತ್ತುವಷ್ಟರಲ್ಲಿ ಅಷ್ಟೂ ಮರೆತುಹೋಯಿತು. ಅತ್ತೆ ಕಿಟಕಿಯ ಹತ್ತಿರ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದರು. ಮೋಡ ಚೀಲದಿಂದ ಹಲಗೆ ತೆಗೆದು ಅವರ ತೊಡೆಯ ಮೇಲಿಟ್ಟಳು. "ಅತ್ತೆ, ಇದನ್ನ ನೋಡಿ. ಆಮೇಲೆ ಆ ಕಿಟಕಿಯಾಚೆ ನೋಡಿ."

ಅತ್ತೆ ನೋಡಿದರು. ಮೇಣಕ್ಕಿಂತ ನಯವಾಗಿ ಕೆತ್ತಿದ ನಲವತ್ತೆರಡು ಕಿಟಕಿ, ಒಂದೊಂದರಲ್ಲಿ ಬೆರಳುಗುರಿನಷ್ಟು ಜನ. ತಲೆಯೆತ್ತಿ ಎದುರಿನ ಕಟ್ಟಡ ನೋಡಿದರು. ಮತ್ತೆ ಹಲಗೆ. ಆಮೇಲೆ ಎದ್ದು ಅಡುಗೆಮನೆಗೆ ಹೋದರು. ಅಯ್ಯೋ, ಬೇಜಾರಾದರೇನೋ ಅಂತ ಮೋಡ ಹಿಂದೆಯೇ ಓಡಿದರೆ, ಅತ್ತೆ ಮೇಲಿನ ಶೆಲ್ಫಿನ ಡಬ್ಬಗಳನ್ನು ಒಂದೊಂದಾಗಿ ಇಳಿಸಿ ನೆಲಕ್ಕಿಡುತ್ತಿದ್ದರು. ತುಟಿ ಬಿಗಿದಿತ್ತು.

"ನಿನ್ನೆ ಚೆನ್ನಾಗಿದೆ ಅಂದೆಯಲ್ಲೇ," ಅಂದರು ತಿರುಗದೆಯೇ.

"ಹ್ಞೂಂ."

"ಬಾಯಿ ಇರೋದು ಯಾತಕ್ಕೆ? ನಿಮ್ಮಜ್ಜಿ ಅಷ್ಟೊಂದು ಕಥೆ ಹೇಳಿದ್ರಂತೆ, ಒಂದು ಮಾತು ಹೇಳೋದು ಕಲಿಸಲಿಲ್ವಾ?"

ಸಂಜೆ ಭಾವ ಬಂದಾಗ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದ ತುಂಬ ಡಬ್ಬ, ಜಾಡಿ, ಬಾಟಲಿ. ನಡುವೆ ಅಮ್ಮ, ಹೆಂಡತಿ, ನಾದಿನಿ ಮೂವರೂ ಮಂಡಿಯೂರಿ ಕೂತಿದ್ದಾರೆ. "ಮನೆ ಖಾಲಿ ಮಾಡ್ತಾ ಇದ್ದೀವಾ? ನನಗೆ ಹೇಳೋದಲ್ವಾ? ನಾನೂ ಬರ್ತಿದ್ದೆ!" ಅಂದರು ಬಾಗಿಲಲ್ಲೇ ನಿಂತು. ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಅತ್ತೆ ನಗಲಿಲ್ಲ. ಕಪಾಟಿನ ಹಲಗೆಗೆ ಅಂಟಿಕೊಂಡಿದ್ದ ಹಾಳೆಯೊಂದನ್ನು ಉಗುರಿನಿಂದ, ಗಾಯದ ಪಟ್ಟಿ ಬಿಡಿಸುವ ಹಾಗೆ, ಎಳೆಯೆಳೆಯಾಗಿ ಬಿಡಿಸುತ್ತಿದ್ದರು.

ಹದಿನಾಲ್ಕರಲ್ಲಿ ಮೂರು ಎಣ್ಣೆ ಕುಡಿದು ಹಾಳಾಗಿದ್ದವು. ಹನ್ನೊಂದು ಉಳಿದವು, ಕತ್ತರಿ ಬಿದ್ದದ್ದು ಚಿತ್ರದ ಸುತ್ತಲಿನ ಬಿಳಿ ಅಂಚಿಗೆ ಮಾತ್ರ. ಒಂದಿಷ್ಟರ ಮೇಲೆ ಡಬ್ಬದ ತಳ ಒತ್ತಿದ ದುಂಡು ಗುರುತು. ಆದರೂ ಮೋಡಳಿಗೆ ಜೀವ ಬಂದಂತಾಯಿತು. ಜೀವ ಬಂದದ್ದು ಒಂದು ಕ್ಷಣ ಮಾತ್ರ. ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಗೊತ್ತಾಯಿತು, ನಿಜವಾದ ತೊಂದರೆ ಬೇರೆಯೇ ಇದೆ.

"ಏನಾಯ್ತೇ?" ಅಂದಳು ಅಕ್ಕ.

"ಅಕ್ಕಾ, ಬಣ್ಣದ ಮೇಲೆ ಬಣ್ಣ ಕರೆಕ್ಟಾಗಿ ಕೂರಬೇಕಲ್ಲ. ಅದಕ್ಕೆ ಹಾಳೆಯ ಮೂಲೆ ಬೇಕು. ಪ್ರೆಸ್ಸಿನ ಮೇಲೆ ಒಂದು ಮರದ ಮೂಲೆ ಹೊಡೆದಿದ್ದೀನಿ, ಹಾಳೆಯ ಮೂಲೆ ಅದರೊಳಗೆ ಕೂತರೆ ಚಿತ್ರದ ಮೇಲೆ ಚಿತ್ರ ಕೂರುತ್ತೆ. ಈಗ ಮೂಲೆಗಳೇ ಇಲ್ಲ. ಒಂದು ಮೇಲೆ ಕತ್ತರಿಸಿಹೋಗಿದೆ, ಒಂದು ಕೆಳಗೆ, ಒಂದು ಪಕ್ಕದಲ್ಲಿ..."

"ಯಾವುದು ಮೇಲೆ ಯಾವುದು ಕೆಳಗೆ ಅಂತ ನನಗೆ ಗೊತ್ತಾಗಲಿಲ್ಲ," ಅಂದರು ಅತ್ತೆ. ಅವರ ದನಿ ಇಷ್ಟು ಸಣ್ಣದಾದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಕಣ್ಣಂದಾಜಿನಲ್ಲಿ ಇಡೋಕಾಗಲ್ವಾ?" ಭಾವ ಕೇಳಿದರು.

"ಹಾಳೆ ಬೋರಲು ಹಾಕಬೇಕು ಭಾವ. ಹಲಗೆಯ ಮೇಲೆ ಇಟ್ಟ ಮೇಲೆ ಏನೂ ಕಾಣಲ್ಲ. ಕೂದಲೆಳೆ ಜರುಗಿದರೂ ರಾಜಕುಮಾರಿ ಕಿಟಕಿ ಬಿಟ್ಟು ಗೋಡೆಯೊಳಗೆ ನಿಂತಿರ್ತಾಳೆ."

ಎದುರು ಕಟ್ಟಡದಲ್ಲಿ ಒಂದೊಂದೇ ದೀಪ ಹತ್ತಿಕೊಳ್ಳುತ್ತಿತ್ತು. ಅತ್ತೆ ಒಂದು ಹಾಳೆ ಎತ್ತಿಕೊಂಡು, ಹೆಬ್ಬೆರಳಿನಿಂದ ಅದರ ಅಂಚು ಸವರಿ, ಬೆಳಕಿಗೆ ಹಿಡಿದರು. ಹಿಂದೆ ತಿರುಗಿಸಿದರು. ಮುಂದೆ ತಿರುಗಿಸಿದರು.

"ಚೌಕಳಿ ಅಂಗಿಯ ಜೇಬು ನೋಡಿದ್ದೀಯಾ?" ಅಂದರು ಕಡೆಗೆ.

"ಹ್ಞಾಂ?"

"ಅಂಗಿಯ ಚೌಕಳಿ, ಅದರ ಮೇಲಿನ ಜೇಬಿನ ಚೌಕಳಿ, ಗೆರೆಗೆ ಗೆರೆ ಕೂಡಬೇಕು. ಕೂಡಲಿಲ್ಲ ಅಂದ್ರೆ ಮಾಲು ವಾಪಸ್ಸು. ಅದಕ್ಕೆ ಅಂಚು ನೋಡ್ತಾ ಕೂತರೆ ಆಗುತ್ತಾ? ಬಟ್ಟೆಯ ಅಂಚು ಯಾವತ್ತೂ ಸೊಟ್ಟಗೇ. ಗೆರೆ ಗೆರೆ ಸೇರೋ ಕಡೆ ಮೇಲಿನ ಪದರಕ್ಕೆ ಸೂಜಿ ಚುಚ್ಚಬೇಕು, ಅದೇ ಸೂಜಿ ಕೆಳಗಿನ ಪದರದಲ್ಲಿ ಅದೇ ಗೆರೆಗೆ ಇಳೀಬೇಕು. ಎರಡು ಕಡೆ ಚುಚ್ಚಿದರೆ ಬಟ್ಟೆ ಎಲ್ಲಿಗೂ ಓಡಲ್ಲ." ಕೈ ಚಾಚಿದರು. "ಎರಡು ಸೂಜಿ ಕೊಡು."

ಮೋಡ ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಭಾವನೇ ಹೋಗಿ ಸೂಜಿ ಡಬ್ಬಿ ತಂದರು.

ಎಡಮೇಲಿನ ಕಿಟಕಿಯ ಮೂಲೆ ಒಂದು. ಬಲಕೆಳಗಿನ ಬಾಗಿಲಿನ ಮೂಲೆ ಇನ್ನೊಂದು. ಬಣ್ಣದ ಕಡೆಯಿಂದ ಅಲ್ಲಿಗೇ ಸರಿಯಾಗಿ ತೂತು ಮಾಡಿ, ಹಾಳೆ ಬೋರಲು ತಿರುಗಿಸಿ, ಹಿಂದಿನಿಂದ ಸೂಜಿಗಳನ್ನು ಆ ತೂತಿನಲ್ಲಿ ಇಳಿಬಿಟ್ಟರು. ಹಲಗೆಯಲ್ಲೂ ಅವೇ ಎರಡು ಮೂಲೆಗೆ ಸೂಜಿಮೊನೆಯಷ್ಟು ಕುಳಿ. ಮೊನೆಗಳು ಕುಳಿಗೆ ಸೇರಿದವು. ಹಾಳೆ ಸೂಜಿಗುಂಟ ಜಾರಿ ಹಲಗೆಯ ಮೇಲೆ ಮೆತ್ತಗೆ ಕೂತಿತು. ಸೂಜಿ ಹಿಡಿಯಲು ಎರಡು ಕೈ, ಹಾಳೆ ಇಳಿಸಲು ಎರಡು ಕೈ. ಒಬ್ಬರಿಂದ ಆಗುವ ಕೆಲಸವೇ ಅಲ್ಲ.

"ನಾಳೆ ಎಷ್ಟು ಹೊತ್ತಿಗೆ ಹೋಗೋದು?" ಅಂದರು ಅತ್ತೆ.

"ಅಮ್ಮ, ನಾಳೆ ದೊಡ್ಡಪ್ಪನ ಮನೇಲಿ ಊಟಕ್ಕೆ ಕರೆದಿದ್ದಾರಲ್ಲ," ಭಾವ ನೆನಪಿಸಿದರು.

ಅತ್ತೆ ಫೋನ್ ಎತ್ತಿಕೊಂಡು ಆ ದೊಡ್ಡಪ್ಪನಿಗೆ, "ನಾಳೆ ಬರೋಕಾಗಲ್ಲ. ನನಗೆ ಕೆಲಸ ಇದೆ," ಅಂದು ಇಟ್ಟುಬಿಟ್ಟರು. ನಿವೃತ್ತಿಯಾದ ಆರು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು ಅಂತ ಅಕ್ಕ ಆಮೇಲೆ ಪಿಸುಗುಟ್ಟಿದಳು.

ಶನಿವಾರ ಒಂಬತ್ತಕ್ಕೆಲ್ಲ ಇಬ್ಬರೂ ಪ್ರೆಸ್ಸಿನಲ್ಲಿದ್ದರು. ಅತ್ತೆ ಫ್ಯಾಕ್ಟರಿಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ನೀಲಿ ಮೇಲಂಗಿ ಹಾಕಿ, ಅದರ ಎದೆಗೆ ಆರು ಸೂಜಿ ಸಿಕ್ಕಿಸಿಕೊಂಡು ಬಂದಿದ್ದರು. ದೊಡ್ಡ ಯಂತ್ರಗಳ ಗಡಗಡಕ್ಕೆ ಮೋಡಳ ಎದೆಯೂ ಗಡಗಡ ಅನ್ನುತ್ತಿತ್ತು. ಅತ್ತೆಗೆ ಮಾತ್ರ ಆ ಸದ್ದು ತವರಿನ ಸದ್ದಿನ ಹಾಗಿತ್ತು. ಒಳಗೆ ಬಂದವರೇ ಮೇಜಿನ ಎತ್ತರ ನೋಡಿ, ಕಾಲ ಕೆಳಗೆ ಒಂದು ಹಲಗೆ ಹಾಕಿಸಿಕೊಂಡು, ದೀಪ ಎಡಕ್ಕೆ ಸರಿಸಿದರು.

"ಇವರು ಯಾರಮ್ಮ, ಇನ್‌ಸ್ಪೆಕ್ಟರಾ?" ಯಜಮಾನರು ಮೆಲ್ಲಗೆ ಕೇಳಿದರು.

"ಕೇಳಿಸ್ತು," ಅಂದರು ಅತ್ತೆ. "ನಿಮ್ಮ ಪೆನ್ಸಿಲ್ ಕಿವಿ ಮೇಲಿದೆ."

ಮೋಡ ಕಪ್ಪು ಶಾಯಿಯನ್ನು ಗಾಜಿನ ಮೇಲೆ ಹರವಿ, ರೋಲರ್ ಆಡಿಸಿ, ಹಲಗೆಗೆ ತೆಳ್ಳಗೆ ಬಳಿದಳು. ಅತ್ತೆ ಎರಡು ಸೂಜಿ ನೆಟ್ಟಗೆ ಹಿಡಿದರು. ಹಾಳೆ ಇಳಿಯಿತು, ಸೂಜಿ ಹೊರಬಂತು, ಚಕ್ರ ತಿರುಗಿತು. ಮೋಡ ಒಂದು ಮೂಲೆಯಿಂದ ಹಾಳೆ ಎತ್ತಿದಳು. ಕಣ್ಣು ಮುಚ್ಚಿಕೊಂಡೇ ಎತ್ತಿದಳು.

"ಕಣ್ಣು ಬಿಡೇ," ಅಂದರು ಅತ್ತೆ.

ಸ್ವಲ್ಪ ಜರುಗಿತ್ತು. ಇಡೀ ಕಟ್ಟಡಕ್ಕೆ ಕಪ್ಪು ನೆರಳು ಬಿದ್ದ ಹಾಗಿತ್ತು. ಬೆಕ್ಕು ಕಿಟಕಿಯ ಹೊರಗೆ ತೇಲುತ್ತಿತ್ತು.

"ನನ್ನ ತಪ್ಪು. ಸೂಜಿ ದಪ್ಪ ಆಯ್ತು, ತೂತು ದೊಡ್ಡದಾಗಿ ಹಾಳೆ ಆಡ್ತಾ ಇದೆ," ಅಂದು ಅತ್ತೆ ಎದೆಯಿಂದ ಅತಿ ಸಣ್ಣ ಸೂಜಿಗಳೆರಡನ್ನು ಆರಿಸಿ ತೆಗೆದರು. "ಇನ್ನೊಂದು ಹಾಕು."

ಎರಡನೆಯದು ಕೂತಿತು. ಕೂತಿತು ಅಂದರೆ ಹೇಗೆ? ವರ್ಷದಿಂದ ಖಾಲಿ ಬಿದ್ದಿದ್ದ ಕಟ್ಟಡಕ್ಕೆ ಒಂದೇ ಸಲಕ್ಕೆ ಜನ ಬಂದಿಳಿದ ಹಾಗೆ. ರಾಜಕುಮಾರಿ ಮೂಗು ಒರೆಸಿಕೊಳ್ಳುತ್ತ ಬಟ್ಟೆ ಒಣಹಾಕುತ್ತಿದ್ದಾಳೆ. ಮಾತು ಮಾರುವ ಮುದುಕ ಫೋನಿನಲ್ಲಿ ಕೂಗಾಡುತ್ತಿದ್ದಾನೆ. ಬೆಕ್ಕು ಒಳಗೇ ಇದೆ. ಮೆಟ್ಟಿಲ ಕಿಟಕಿಯಲ್ಲಿ, ಕೆನ್ನೆ ಊದಿಸಿಕೊಂಡು, ಕೀಲಿಯಿಂದ ಕಿವಿ ಕೆರೆದುಕೊಂಡು, ಲಿಫ್ಟಿಗಾಗಿ ಕಾಯುತ್ತ ನಿಂತಿದ್ದಾನೆ ಹಲ್ಲುನೋವಿನ ರಾಕ್ಷಸ.

ಅತ್ತೆ ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಬಗ್ಗಿದರು. "ಈ ರಾಕ್ಷಸ ನನ್ನ ಮಗನ ಥರಾನೇ ಇದ್ದಾನಲ್ಲೇ!"

ಮೋಡಳ ಮುಖ ಕೆಂಪಾಯಿತು. "ಭಾವ ಕೀಲಿಯಿಂದ ಕಿವಿ ಕೆರೆದುಕೊಳ್ತಾರಲ್ಲ ಅತ್ತೆ, ಅದನ್ನ ನೋಡಿ..."

"ಹೌದು, ಅದೇ ನಿಲ್ಲೋ ಭಂಗಿ! ಚಿಕ್ಕವನಿದ್ದಾಗಿಂದ ಹಾಗೇ. ಎಷ್ಟು ಹೇಳಿದರೂ ಕೇಳಲ್ಲ." ಅತ್ತೆ ನಕ್ಕರು. ಆ ನಗು ದೊಡ್ಡ ಯಂತ್ರಗಳ ಗಡಗಡದ ಮೇಲೂ ಕೇಳಿಸಿ, ಯಜಮಾನರು ಲೇಬಲ್ ಬಿಟ್ಟು ಓಡಿಬಂದರು.

ಮಧ್ಯಾಹ್ನ ಮೂರರ ಹೊತ್ತಿಗೆ ಹತ್ತು ಹಾಳೆ ತಂತಿಯ ಮೇಲೆ ಕ್ಲಿಪ್ಪು ಕಚ್ಚಿಕೊಂಡು ತೂಗಾಡುತ್ತಿದ್ದವು. ಹತ್ತರಲ್ಲೂ ಎಡಮೇಲಿನ ಕಿಟಕಿಯ ಮೂಲೆಯಲ್ಲಿ, ಹುಡುಕಿದರೆ ಮಾತ್ರ ಕಾಣುವ ಹಾಗೆ, ಸೂಜಿಯ ಒಂದು ತೂತು. ಬಾಗಿಲ ಮೂಲೆಯಲ್ಲಿ ಇನ್ನೊಂದು. ಮೋಡ ಅವುಗಳ ಕೆಳಗೆ ತಲೆಯೆತ್ತಿ ನಿಂತಳು. ಎದೆ ತುಂಬಿಬಂತು. ಯಾರಿಗೆ ಏನಂತ ಹೇಳುವುದು? ತಿರುಗಿಸೋರು ಬೇಕಲ್ಲ ಅಂದವರಿಗೆ, ಸ್ಟಿಕ್ಕರ್ ತರಲು ಕರೆದುಕೊಂಡು ಬಂದವರಿಗೆ, ಅವಳು ಬರುವ ವಾರ ಶಿಶುವಿಹಾರದಿಂದ ಬೇಗ ಮನೆಗೆ ಬಂದು ಅಡುಗೆಯೆಲ್ಲ ತಾನೇ ಮಾಡಿ ಇವಳನ್ನು ಹೊರಗಟ್ಟುತ್ತಿದ್ದ ಅಕ್ಕನಿಗೆ. ಅವರ ಮನೆಗಳಲ್ಲಿ ಥ್ಯಾಂಕ್ಸ್ ಅನ್ನುವ ರೂಢಿಯೇ ಇರಲಿಲ್ಲ. ಅಂದರೆ ಹೊರಗಿನವರ ಹಾಗಾಗುತ್ತದೆ.

"ಅತ್ತೆ, ಮೊದಲು ನೀವು ಒಂದು ಆರಿಸಿಕೊಳ್ಳಿ," ಅಂದಳು. "ಯಾವುದು ಬೇಕಾದರೂ."

ಅತ್ತೆ ಸಾಲಿನ ಉದ್ದಕ್ಕೂ ನಡೆದು, ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ದಾಟಿ, ಸಕ್ಕರೆ ಡಬ್ಬದ ಗುರುತು ಎದ್ದು ಕಾಣುತ್ತಿದ್ದ ಹಾಳೆಯ ಮುಂದೆ ನಿಂತರು. "ಇದು."

"ಅದರಲ್ಲಿ ಗುರುತು ಇದೆ ಅತ್ತೆ, ಬೇರೆ..."

"ಗುರುತು ಇರೋದಕ್ಕೇ. ಇದು ನಮ್ಮನೇದು."

ಯಜಮಾನರು ಮೂರು ಲೋಟ ಟೀ ತರಿಸಿದರು. ಬಾಗಿಲ ಮೆಟ್ಟಿಲ ಮೇಲೆ ಸಾಲಾಗಿ ಕೂತರು. "ಸೋಮವಾರ ಲಾರಿ ಬರುತ್ತೆ," ಅಂದರು ಯಜಮಾನರು, ಕೈಪ್ರೆಸ್ಸಿನ ಕಡೆ ನೋಡುತ್ತ. "ನನಗೂ ಸ್ವಲ್ಪ ಬೇಜಾರೇ. ಮುಂದಿನ ಸಲ ಬಂದಾಗ ಏನು ಮಾಡ್ತೀಯಮ್ಮ?"

ಅತ್ತೆ ನಡುವೆ ಬಾಯಿ ಹಾಕಿದರು: "ಹಾಳೆ ಬೆನ್ನ ಮೇಲೆ ಒತ್ತಡ ಬೇಕು, ಅಷ್ಟೇ ತಾನೆ? ಚಮಚದ ಬೆನ್ನಿನಿಂದ ಉಜ್ಜಿದರೆ ಆಗಲ್ವಾ?"

ಯಜಮಾನರು ಟೀ ಲೋಟ ಕೆಳಗಿಟ್ಟರು. "ಆಗುತ್ತೆ. ಆಗದೆ ಏನು? ಕೈ ನೋಯುತ್ತೆ."

"ನೋಯಲಿ. ಎರಡು ಜೊತೆ ಕೈ ಇದೆ." ಅಂದು ಅತ್ತೆ ಮೋಡಳ ಕಡೆ ತಿರುಗಿದರು. "ಆದರೆ ಒಂದು ಮಾತು. ನಿನ್ನ ಚಿತ್ರದಲ್ಲಿ ಐದನೇ ಮಹಡಿ ಕೊನೇ ಕಿಟಕೀಲಿ ಒಬ್ಬಳು ಬಟ್ಟೆ ಕತ್ತರಿಸ್ತಾ ಇದ್ದಾಳಲ್ಲ, ಯಾರು ಅವಳು?"

"ಇರುಳಿಗೆ ಅಂಗಿ ಹೊಲಿಯೋ ಮುದುಕಿ. ನಮ್ಮಜ್ಜಿ ಹೇಳ್ತಿದ್ದ ಕಥೆ. ಅವಳು ಹೊಲಿದು ಮುಗಿಸಿದ ಮೇಲೇ ಇರುಳು ಹೊರಗೆ ಬರೋದಂತೆ."

"ಕಥೆ ಸರಿ. ಕತ್ತರಿ ಸರಿಯಿಲ್ಲ. ಹಾಗೆ ಹಿಡಿದರೆ ಹೆಬ್ಬೆರಳು ಹೋಗುತ್ತೆ. ಅವಳಿಗೆ ಇರುಳಿಗೆ ಮುಂಚೆ ಡಾಕ್ಟರು ಬೇಕಾಗುತ್ತೆ." ಟೀ ಲೋಟ ಎಡಗೈಗೆ ದಾಟಿಸಿ, ಬಲಗೈಯನ್ನು ಗಾಳಿಯಲ್ಲಿ ಚಾಚಿ, ಇಲ್ಲದ ಕತ್ತರಿಯ ಹಿಡಿಯೊಳಗೆ ಬೆರಳು ಸೇರಿಸಿದರು. "ನೋಡು. ಹೀಗೆ. ಕೆಳಗಿನ ಅಲಗು ಮೇಜು ಬಿಟ್ಟು ಏಳಬಾರದು."

ಮೂವತ್ತು ವರ್ಷದ ಆ ಕೈ. ಹೆಬ್ಬೆರಳ ಬುಡದಲ್ಲಿ ಗಟ್ಟಿಯಾದ ಗಂಟು, ಬೆರಳುಗಳ ಸಂದಿಯಲ್ಲಿ ಇವತ್ತಿನ ಕಪ್ಪು ಶಾಯಿ. ಮೋಡ ಯಜಮಾನರ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದುಕೊಂಡಳು. ಕಾಲ ಬಳಿ ಬಿದ್ದಿದ್ದ ಲೇಬಲ್ಲಿನ ರದ್ದಿ ಹಾಳೆಯೊಂದನ್ನು ಮಂಡಿಯ ಮೇಲೆ ಹರವಿದಳು. ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು.

"ಅಲ್ಲಾಡಬೇಡಿ ಅತ್ತೆ."

"ಎಷ್ಟು ಹೊತ್ತು?"

"ಸ್ವಲ್ಪ ಹೊತ್ತು."

"ಟೀ ಆರುತ್ತೆ ಕಣೇ," ಅಂದರು ಅತ್ತೆ. ಕೈ ಮಾತ್ರ ಅಲ್ಲಾಡಲಿಲ್ಲ.